ಹನ್ನೊಂದು ದಿನ ಹಳೆಯ ಪಟ್ಟಿ

ಆ ಸರ್ವರನ್ನು ಯಾರೂ ನನ್ನ ತಲೆಗೆ ಕಟ್ಟಿದ್ದಲ್ಲ. ನಾನೇ ನೋಡಿಕೊಳ್ಳುತ್ತೇನೆಂದು ಹಟ ಹಿಡಿದು ತೆಗೆದುಕೊಂಡದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದಿನದನ್ನು ಹೇಳುತ್ತ ಹೋದಂತೆ ನನಗೆ ಈಗಲೂ ಬೇರೆಯವರ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟಿಗೆ ಹೆಚ್ಚು ಬೆಲೆ ಇಲ್ಲ.

ಹಾನಗಲ್ಲಿನ ಹೊರವಲಯದಲ್ಲಿ ಒಂದು ಟ್ರಸ್ಟಿನವರು ನಡೆಸುವ ಡಯಾಲಿಸಿಸ್ ಕೇಂದ್ರವಿದೆ. ಐದು ಮಷಿನ್‌ಗಳು. ಕಿಡ್ನಿ ಕೆಲಸ ನಿಲ್ಲಿಸಿದವರು ವಾರಕ್ಕೆ ಎರಡು ಸಲ ಬಂದು, ನಾಲ್ಕು ತಾಸು ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಾರೆ. ಒಂದು ಪಾಳಿ ತಪ್ಪಿದರೆ ಕಾಲು ಬಾತುಕೊಳ್ಳುತ್ತದೆ. ಎರಡು ತಪ್ಪಿದರೆ ನೀರು ಎದೆಗೆ ಏರುತ್ತದೆ. ಇಲ್ಲಿ ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಟ್ರಸ್ಟಿನ ಒಂದೇ ವ್ಯಾನ್ ಸೋಮವಾರ, ಗುರುವಾರ ಶಿಗ್ಗಾಂವಿ, ಸವಣೂರು ಕಡೆಯವರನ್ನೂ ಮಂಗಳವಾರ, ಶುಕ್ರವಾರ ಹಿರೇಕೆರೂರು ಕಡೆಯವರನ್ನೂ ಮನೆಯ ಹತ್ತಿರದಿಂದಲೇ ಕರೆತರುತ್ತದೆ. ಉಳಿದ ಎರಡು ದಿನ ಹಾನಗಲ್ಲಿನವರದು.

ಮೊದಲು ಇದೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ನಡೆಯುತ್ತಿತ್ತು. ದೊಡ್ಡವರೊಬ್ಬರು ಫೋನ್ ಮಾಡಿದರೆಂದರೆ ರಬ್ಬರಿನಿಂದ ಒಂದು ಹೆಸರು ಅಳಿಸಿ ಇನ್ನೊಂದು ಬರೆಯುತ್ತಿದ್ದರು. ಅಳಿಸಿಹೋದವರು ಬಾಗಿಲಿಗೆ ಬಂದು ಅಳುತ್ತಿದ್ದರು. ಟ್ರಸ್ಟಿನ ಹಿರಿಯ ಡಾಕ್ಟರಿಗೆ ಇದು ಸಾಕಾಗಿ, ತಾವೇ ಬಯಸಿದರೂ ಗುಟ್ಟಾಗಿ ಬದಲಿಸಲಾಗದಂಥ ಪಟ್ಟಿಯೊಂದನ್ನು ಮಾಡಿಕೊಡಿ ಎಂದು ಪ್ರೋಗ್ರಾಂ ಬರೆಯುವ ಕೆಲಸದ ನನ್ನನ್ನು ಕೇಳಿದರು. ಮಾಡಿಕೊಟ್ಟೆ. ಯಾರು, ಯಾವ ದಿನ, ಯಾವ ಪಾಳಿ, ಯಾವ ಮಷಿನ್, ವ್ಯಾನ್ ಎಲ್ಲಿ ನಿಲ್ಲಬೇಕು, ಎಲ್ಲವೂ ಒಂದು ವೆಬ್ ಪುಟದಲ್ಲಿ. ಮ್ಯಾನೇಜರ್ ಮತ್ತು ಟೆಕ್ನೀಷಿಯನ್ ಇಬ್ಬರೇ ಬದಲಿಸಬಹುದು, ಬದಲಿಸಿದ್ದು ದಾಖಲಾಗುತ್ತದೆ. ಪಟ್ಟಿಯಲ್ಲಿ ಇಲ್ಲದವರು ಮಷಿನ್ ಹತ್ತಿರ ಹೋಗುವಂತಿಲ್ಲ ಎಂಬ ನಿಯಮ ಬಂತು. ವಶೀಲಿ ನಿಂತಿತು. ನನಗೆ ಅದರ ಬಗ್ಗೆ ಬಹಳ ಹೆಮ್ಮೆ ಇತ್ತು.

ಆ ಪುಟವನ್ನು ಎಲ್ಲಿ ಇಡುವುದು ಎಂಬ ಮಾತು ಬಂದದ್ದು ಆಮೇಲೆ. ಎರಡು ದಾರಿಗಳಿದ್ದವು. ಒಂದರಲ್ಲಿ ದೂರದ ಯಾವುದೋ ಕೇಂದ್ರದಲ್ಲಿ ಸರ್ವರ್ ಎನ್ನುವ ಬರಿಯ ಒಂದು ಕಂಪ್ಯೂಟರನ್ನು ಬಾಡಿಗೆಗೆ ಹಿಡಿಯುವುದು. ಅದಕ್ಕೆ ಡೇಟಾಬೇಸ್ ಹಾಕುವುದು, ಬೀಗ ಹಾಕುವುದು, ಹೊಸ ಆವೃತ್ತಿ ಬಂದಾಗ ಏರಿಸುವುದು, ದಿನಾ ನಕಲು ತೆಗೆದಿಡುವುದು ಎಲ್ಲ ನಮ್ಮದೇ ಜವಾಬ್ದಾರಿ. ಇನ್ನೊಂದರಲ್ಲಿ ನಾವು ಪ್ರೋಗ್ರಾಂ ಮಾತ್ರ ಕೊಡುವುದು, ಉಳಿದದ್ದನ್ನು ಕಂಪನಿಯವರೇ ನೋಡಿಕೊಳ್ಳುವುದು. ಏನಾದರೂ ಕೆಟ್ಟರೆ ಹಿಂದಿನ ಯಾವ ನಿಮಿಷಕ್ಕೆ ಬೇಕೋ ಆ ನಿಮಿಷಕ್ಕೆ ಡೇಟಾವನ್ನು ತಿರುಗಿಸಿ ಕೊಡುತ್ತಾರೆ. ಖರ್ಚು ಹೆಚ್ಚು.

ನಾನು ಮೊದಲನೆಯದೇ ಆಗಲಿ ಎಂದೆ. ಟ್ರಸ್ಟಿನ ಸಭೆಯಲ್ಲಿ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು. "ನೀವು ಜ್ವರ ಬಂದು ಮಲಗಿದ್ರ ಇದನ್ನ ಯಾರು ನೋಡ್ತಾರ್ರಿ?"

"ಮಲಗಿದಲ್ಲಿಂದನ ನೋಡ್ತೇನ್ರಿ ಸರ, ಫೋನಿನ್ಯಾಗ," ಎಂದೆ. ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ, ಆದರೆ ಒಪ್ಪಿದರು.

ನಾನು ಕೊಟ್ಟ ಕಾರಣಗಳು ಸುಳ್ಳಾಗಿರಲಿಲ್ಲ. ಟ್ರಸ್ಟಿಗೆ ಖರ್ಚು ಉಳಿಯುತ್ತದೆ, ರೋಗಿಗಳ ವಿವರ ನಮ್ಮ ಕೈಯಲ್ಲೇ ಇರುತ್ತದೆ, ನಾಳೆ ಕಂಪನಿ ನಿಯಮ ಬದಲಿಸಿದರೆ ನಾವು ಸಿಕ್ಕಿಬೀಳುವುದಿಲ್ಲ ಎಂದೆಲ್ಲ ಹೇಳಿದೆ. ಹೇಳದೆ ಉಳಿಸಿಕೊಂಡ ಕಾರಣ ಬೇರೆ. ಸವಣೂರಿನಲ್ಲಿ ನಮ್ಮದು ಎಲೆಬಳ್ಳಿ ತೋಟದ ಮನೆತನ. ಬಳ್ಳಿಗೆ ನೀರು ಬಿಡುವುದನ್ನು ಒಂದು ದಿನವೂ ಇನ್ನೊಬ್ಬರಿಗೆ ವಹಿಸದ ಜನ ನಾವು. ನಾನು ಮಾಡಿದ ಕೆಲಸವನ್ನು ಯಾರೋ ಮುಖ ಕಾಣದವರು ಕಾಯುತ್ತಾರೆ ಎಂದರೆ ನನಗೆ ಮೈ ಉರಿಯುತ್ತಿತ್ತು. ನನ್ನ ಕೈಗಿಂತ ಅವರ ಕೈ ಯಾವ ಲೆಕ್ಕದಲ್ಲಿ ಮೇಲು?

ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲ ಚೆನ್ನಾಗಿ ನಡೆಯಿತು. ಸವಣೂರಿನಲ್ಲಿ ಖಾರ ಎನ್ನುವ ಕರಿದ ತಿನಿಸಿನ ಒಂದು ಅಂಗಡಿಯ ಮೇಲಿನ ಕೋಣೆ ನನ್ನ ಕಚೇರಿ. ಬೆಳಿಗ್ಗೆ ಕೆಳಗೆ ಎಣ್ಣೆ ಕಾಯುವ ಹೊತ್ತಿಗೆ ನಾನು ಮೇಲೆ ಬಾಗಿಲು ತೆಗೆಯುತ್ತೇನೆ. ಅಷ್ಟರಲ್ಲಿ ಫೋನಿಗೆ ಸಂದೇಶ ಬಂದಿರುತ್ತಿತ್ತು: ಬ್ಯಾಕಪ್ ಆಯಿತು. ಡೇಟಾಬೇಸಿನ ನಕಲು ತೆಗೆದು, ಅದನ್ನು ಒತ್ತಿ ಸಣ್ಣದು ಮಾಡಿ, ಬೇರೆ ಜಾಗಕ್ಕೆ ಕಳಿಸಿ, ನನಗೆ ತಿಳಿಸುವ ಒಂದು ಸಣ್ಣ ಸ್ಕ್ರಿಪ್ಟನ್ನು ನಾನೇ ಬರೆದಿದ್ದೆ. ಆ ಸಂದೇಶ ನೋಡಿ ಚಹಾ ಕುಡಿಯುವುದು ರೂಢಿಯಾಗಿತ್ತು. ನಕಲಿನ ಫೈಲನ್ನು ತೆರೆದು ನೋಡುವ ರೂಢಿ ಇರಲಿಲ್ಲ.

ಒಂದು ಬುಧವಾರ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದೆ. ಕೇಂದ್ರದ ಗುಮಾಸ್ತರೊಬ್ಬರು ಕೆಲಸ ಬಿಟ್ಟಿದ್ದರು, ಬದಲಿಸುವುದು ಸರಿಯಾದ ಕ್ರಮ. ವೆಬ್ ಪುಟಕ್ಕೆ ಹೊಸ ಪಾಸ್‌ವರ್ಡ್ ಕೊಟ್ಟೆ, ಪರೀಕ್ಷೆ ಮಾಡಿದೆ, ಓಡಿತು. ಬ್ಯಾಕಪ್ ಸ್ಕ್ರಿಪ್ಟಿನೊಳಗೆ ಹಳೆಯ ಪಾಸ್‌ವರ್ಡ್ ಹಾಗೇ ಉಳಿಯಿತು. ಮರುದಿನದಿಂದ ಅದು ಡೇಟಾಬೇಸಿನ ಬಾಗಿಲು ತಟ್ಟಿ, ಒಳಗೆ ಬಿಡದಿದ್ದಾಗ ಬರಿಗೈಲಿ ಹಿಂತಿರುಗಿ, ಆ ಬರಿಗೈಯನ್ನೇ ಒತ್ತಿ ಸಣ್ಣದು ಮಾಡಿ, ಫೈಲ್ ಸೃಷ್ಟಿಸಿ, ಬೇರೆ ಜಾಗಕ್ಕೆ ಕಳಿಸಿ, ನನಗೆ 'ಬ್ಯಾಕಪ್ ಆಯಿತು' ಎಂದು ಹೇಳುತ್ತಿತ್ತು. ಫೈಲ್ ಹುಟ್ಟಿತೇ ಎಂದು ಮಾತ್ರ ನೋಡು, ಒಳಗೆ ಏನಿದೆ ಎಂದು ನೋಡಬೇಡ ಎಂದು ಅದಕ್ಕೆ ಕಲಿಸಿದವಳು ನಾನೇ.

ಹನ್ನೊಂದನೆಯ ದಿನ ಭಾನುವಾರ. ಡೇಟಾಬೇಸಿನ ಹೊಸ ಆವೃತ್ತಿಗೆ ಏರಿಸುವ ಕೆಲಸ ತಿಂಗಳುಗಳಿಂದ ಬಾಕಿ ಇತ್ತು. ಭಾನುವಾರ ಕೇಂದ್ರಕ್ಕೆ ರಜೆ. ಮಧ್ಯಾಹ್ನ ಊಟ ಮುಗಿಸಿ ಕೂತೆ. ಏರಿಸಲು ನಿಧಾನದ ಕ್ರಮ ಒಂದಿದೆ, ಅದರಲ್ಲಿ ಹಳೆಯದು ಹಾಗೇ ಉಳಿದು ಪಕ್ಕದಲ್ಲಿ ಹೊಸದು ತಯಾರಾಗುತ್ತದೆ. ಬೇಗದ ಕ್ರಮದಲ್ಲಿ ಹಳೆಯ ಫೈಲುಗಳನ್ನೇ ಹೊಸದು ಎತ್ತಿಕೊಳ್ಳುತ್ತದೆ, ಒಮ್ಮೆ ಶುರುವಾದ ಮೇಲೆ ಹಿಂದಕ್ಕೆ ದಾರಿ ಇಲ್ಲ. ಬ್ಯಾಕಪ್ ಇದೆಯಲ್ಲ ಎಂದು ಬೇಗದ ಕ್ರಮ ಹಿಡಿದೆ. ಹೊಸದು ಶುರುವಾಗಿ ತನ್ನ ಒಳಗಿನ ಸೂಚಿಗಳನ್ನು ಬರೆಯುತ್ತಿದ್ದಾಗ ಡಿಸ್ಕ್ ತುಂಬಿತು. ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲುಗಳಲ್ಲಿ ಹಳೆಯವನ್ನು ಅಳಿಸಿ ಜಾಗ ಮಾಡಬೇಕೆಂದು ನೆನಪಿಟ್ಟುಕೊಂಡಿದ್ದೆ, ಮಾಡಿರಲಿಲ್ಲ. ಅರ್ಧ ಬರೆದಲ್ಲಿಗೆ ನಿಂತಿತು. ಜಾಗ ಖಾಲಿ ಮಾಡಿ ಮತ್ತೆ ಎಬ್ಬಿಸಿದೆ. ಹೊಸದೂ ಏಳಲಿಲ್ಲ, ಹಳೆಯದೂ ಏಳಲಿಲ್ಲ.

ಆಗಲೂ ಹೆದರಿರಲಿಲ್ಲ. ಬ್ಯಾಕಪ್ ಇಟ್ಟ ಜಾಗಕ್ಕೆ ಹೋಗಿ ಅಂದಿನ ಫೈಲ್ ಇಳಿಸಿಕೊಂಡೆ. ಇಪ್ಪತ್ತು ಬೈಟ್. ಒಂದು ವಾಕ್ಯಕ್ಕೂ ಸಾಲದಷ್ಟು. ಹಿಂದಿನ ದಿನದ್ದು ನೋಡಿದೆ, ಇಪ್ಪತ್ತು ಬೈಟ್. ಅದರ ಹಿಂದಿನದು, ಅದರ ಹಿಂದಿನದು. ಕೆಳಗೆ ಅಂಗಡಿಯವರು ಖಾರ ಕರಿಯುತ್ತಿದ್ದರು, ಆ ಘಾಟಿಗೆ ಕಣ್ಣಲ್ಲಿ ನೀರು ಬಂತು ಎಂದು ನನಗೆ ನಾನೇ ಹೇಳಿಕೊಂಡೆ. ಸರಿಯಾದ ಗಾತ್ರದ ಫೈಲ್ ಸಿಕ್ಕಿದ್ದು ಆ ಬುಧವಾರದ್ದು.

ಬೇರೆ ದಾರಿ ಇರಲಿಲ್ಲ. ಅದನ್ನೇ ತುಂಬಿದೆ. ಸಂಜೆ ಐದರ ಹೊತ್ತಿಗೆ ಪುಟ ತೆರೆದುಕೊಂಡಿತು. ನೋಡಲು ಎಲ್ಲ ಸರಿ ಇದ್ದಂತೆಯೇ ಇತ್ತು, ಹನ್ನೊಂದು ದಿನ ಹಳೆಯದು ಅಷ್ಟೆ.

ನಾನು ಆಗ ಮಾಡಬೇಕಾದ್ದು ಒಂದೇ ಇತ್ತು. ಡಾಕ್ಟರಿಗೆ, ಮ್ಯಾನೇಜರಿಗೆ, ಟೆಕ್ನೀಷಿಯನ್‌ಗೆ, ಡ್ರೈವರಿಗೆ ಫೋನ್ ಮಾಡಿ, ಹನ್ನೊಂದು ದಿನದ ಬದಲಾವಣೆ ಕಳೆದಿದ್ದೇನೆ, ಪಟ್ಟಿಯನ್ನು ಒಬ್ಬೊಬ್ಬರ ಹೆಸರು ಹಿಡಿದು ತಾಳೆ ನೋಡೋಣ ಎನ್ನುವುದು. ಅರ್ಧ ದಿನದ ಕೆಲಸ. ನಾನು ಮ್ಯಾನೇಜರಿಗೆ ಮಾತ್ರ ಫೋನ್ ಮಾಡಿದೆ. ಅವರು ಯಾವುದೋ ಮದುವೆಯಲ್ಲಿದ್ದರು, ಹಿಂದೆ ಬ್ಯಾಂಡಿನ ಸದ್ದು ಕೇಳುತ್ತಿತ್ತು.

"ಸರ, ಪಟ್ಟಿ ಒಂದಿಷ್ಟು ಚೊಕ್ಕ ಮಾಡಾಕತ್ತೇನಿ. ಈಗೀಗ ಏನರ ಬದಲಾವಣಿ ಮಾಡೀರೇನ್ರಿ? ಹೊಸಾ ಹೆಸರು?"

"ಏ, ಹೊಸಾದು ಯಾವ್ದೂ ಇಲ್ಲ ಬಿಡ್ರಿ. ಇಬ್ಬರದು ಪಾಳಿ ಅದಲಿ ಬದಲಿ ಮಾಡೇನಿ, ಅಷ್ಟ. ಬರಕೋರಿ."

ಬರೆದುಕೊಂಡೆ, ಸರಿ ಮಾಡಿದೆ. ಆ ಎರಡು ವಾರದಲ್ಲಿ ಅವರು ನಾಲ್ಕು ದಿನ ರಜೆಯಲ್ಲಿದ್ದರೆಂದು ನನಗೆ ಗೊತ್ತಿತ್ತು. ಆ ದಿನಗಳಲ್ಲಿ ಪಟ್ಟಿಯನ್ನು ಟೆಕ್ನೀಷಿಯನ್ ನೋಡಿಕೊಂಡಿರುತ್ತಾನೆಂದೂ ಗೊತ್ತಿತ್ತು. ಅವನನ್ನು ಕೇಳಲಿಲ್ಲ. ಅವನು ಚೂಟಿ ಮನುಷ್ಯ, ಒಂದು ಕೇಳಿದರೆ ನಾಲ್ಕು ಕೇಳುತ್ತಾನೆ. ಮೊದಲೇ ನನ್ನ ಪಟ್ಟಿಗೆ 'ಮೇಡಮ್ಮಾರ ಪಂಚಾಂಗ' ಎಂದು ಹೆಸರಿಟ್ಟಿದ್ದ. ಕೇಳುವುದೆಂದರೆ ಹೇಳುವುದು, ಹೇಳಲು ನನಗೆ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಆರೂವರೆಗೆ ಡ್ರೈವರ್ ಫೋನ್ ಮಾಡಿದರು. ಬಂಕಾಪುರದ ಕಡೆಯವರು, ಐವತ್ತರ ಮೇಲಿನ ವಯಸ್ಸು, ಎಂದೂ ದನಿ ಏರಿಸದ ಮನುಷ್ಯ.

"ಮೇಡಮ್ಮಾರ, ಏನ್ರಿ ಇದು? ಸತ್ತವ್ರ ಮನಿ ಮುಂದ ನಿಂತು ಹಾರ್ನ್ ಹೊಡದೆನ್ರಿ ನಾನು."

ಹಿರೇಬೆಂಡಿಗೇರಿಯ ಒಬ್ಬ ರೈತರು ವರ್ಷದಿಂದ ಆ ವ್ಯಾನಿನಲ್ಲಿ ಬರುತ್ತಿದ್ದರು. ಹಿಂದಿನ ಶನಿವಾರವಲ್ಲ, ಅದರ ಹಿಂದಿನ ಶನಿವಾರ ತೀರಿಕೊಂಡಿದ್ದರು. ಮನೆಯವರು ಕೇಂದ್ರಕ್ಕೆ ತಿಳಿಸಿದ್ದರು, ಟೆಕ್ನೀಷಿಯನ್ ಹೆಸರು ತೆಗೆದಿದ್ದ. ನಾನು ಅದನ್ನು ಮತ್ತೆ ತಂದಿಟ್ಟಿದ್ದೆ.

ತೀರಿಕೊಂಡದ್ದು ಡ್ರೈವರಿಗೆ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆ ವ್ಯಾನಿನಲ್ಲಿ ಒಂದು ರೂಢಿ ಇದೆ. ಪಟ್ಟಿಯಿಂದ ಒಂದು ಹೆಸರು ಹೋದರೆ ಯಾರೂ ಏನೂ ಕೇಳುವುದಿಲ್ಲ. ಕೂತವರೆಲ್ಲ ಅದೇ ರೋಗದವರು. ಯಾಕೆ ಬರಲಿಲ್ಲ ಎಂದು ಒಬ್ಬರು ಕೇಳಿ, ಇನ್ನೊಬ್ಬರು ಉತ್ತರ ಹೇಳಿದರೆ, ಆ ಉತ್ತರ ಎಲ್ಲರ ಮಡಿಲಿಗೂ ಬೀಳುತ್ತದೆ. ಹಾಗಾಗಿ ಖಾಲಿ ಸೀಟಿನಲ್ಲಿ ಊಟದ ಚೀಲ ಇಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಡ್ರೈವರೂ ಕೇಳುವುದಿಲ್ಲ.

"ಹೆಸರು ತಿರಿಗಿ ಬಂದದ್ದು ನೋಡಿ ಖುಷಿ ಆಗಿತ್ರಿ ನನಗ. ಹುಬ್ಬಳ್ಳಿ ದವಾಖಾನ್ಯಾಗ ಇದ್ರೇನೋ, ಆರಾಮಾಗಿ ಬಂದಾರ ಅಂತ ತಿಳಕೊಂಡೆ. ಎರಡು ಸರ್ತಿ ಹಾರ್ನ್ ಹೊಡದೆ. ಅವರ ಹೆಣ್ತಿ ಹೊರಗ ಬಂದ್ರು. ಏನೂ ಅನ್ಲಿಲ್ರಿ ಪಾಪ. ಬಾಗಲಾ ಹಿಡಕೊಂಡು ವ್ಯಾನಿನ ಒಳಗ ನೋಡಾಕತ್ತಿದ್ರು, ಅವರೇನರ ಒಳಗ ಕುಂತಾರೇನೋ ಅನ್ನೋ ಹಂಗ."

ಬೇಕಿದ್ದರೆ ಅದೇ ನನ್ನ ಎರಡನೆಯ ಅವಕಾಶ. ಸೋಮವಾರ ಬೆಳಿಗ್ಗೆ, ಇನ್ನೂ ಯಾರ ಪಾಳಿಯೂ ತಪ್ಪಿರಲಿಲ್ಲ.

"ಒಂದು ಹೆಸರು ತಪ್ಪಿ ಉಳದಿತ್ರಿ ಅಣ್ಣಾರ. ಈಗ ಸರಿ ಮಾಡ್ತೇನಿ," ಎಂದೆ.

"ಬಾಕಿ ಎಲ್ಲಾ ಬರೋಬ್ಬರಿ ಐತಲ್ರಿ?"

"ಐತ್ರಿ."

ಹೆಸರು ತೆಗೆದೆ. ಕಳೆದದ್ದು ಇಷ್ಟೇ ಇರಬೇಕು ಎಂದುಕೊಂಡೆ. ಕಳೆದದ್ದರಲ್ಲಿ ಹೋದವರ ಹೆಸರು ಇದ್ದರೆ ಬಂದವರ ಹೆಸರೂ ಇರಬಹುದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಮ್ಯಾನೇಜರೇ ಇಲ್ಲ ಅಂದಿದ್ದಾರಲ್ಲ ಎಂದು ಅದನ್ನು ಒತ್ತಿ ಇಟ್ಟೆ. ಇಡೀ ವಾರ ಸ್ಕ್ರಿಪ್ಟ್ ಸರಿ ಮಾಡುವುದರಲ್ಲಿ ಮುಳುಗಿದೆ. ಫೈಲಿನ ಗಾತ್ರ ನೋಡುವುದು, ಕಡಿಮೆ ಇದ್ದರೆ ಕೂಗುವುದು, ನಕಲನ್ನು ಬೇರೊಂದು ಕಡೆ ತೆರೆದು ಹೆಸರುಗಳನ್ನು ಎಣಿಸಿ ನೋಡುವುದು. ತುಂಬ ಒಳ್ಳೆಯ ಸ್ಕ್ರಿಪ್ಟ್ ಆಯಿತು. ಹಿಂದೆಂದೂ ಅಷ್ಟು ಜೋಪಾನವಾಗಿ ಏನನ್ನೂ ಬರೆದಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಟೆಕ್ನೀಷಿಯನ್ ಫೋನ್ ಮಾಡಿದ. ಚೇಷ್ಟೆ ಇರಲಿಲ್ಲ ದನಿಯಲ್ಲಿ.

"ಮೇಡಮ್ಮಾರ, ಅಬಲೂರಿನ ಅಕ್ಕಾರ ಹೆಸರು ಯಾಕ ತಗದ್ರಿ?"

"ಯಾವ ಅಬಲೂರು?"

"ನಾ ಸೇರಿಸಿದ್ದೆನಲ್ರಿ, ಮ್ಯಾನೇಜರ್ ರಜಾದಾಗ ಇದ್ದಾಗ. ಮಂಗಳವಾರ, ಶುಕ್ರವಾರ, ಮೊದಲನೇ ಪಾಳಿ, ನಾಕನೇ ಮಷಿನ್. ಮೂರು ಸರ್ತಿ ಬಂದು ಹೋಗ್ಯಾರ. ಈಗ ಅವರ ತಂಗಿ ಟಾಟಾ ಏಸ್‌ನ್ಯಾಗ ಹಾಕ್ಕೊಂಡು ಬಂದಾಳ. ಮಲಗಿಸಿದ್ರ ಉಸುರು ಹಿಡಿಯಾಕತ್ತೈತಿ. ರಜಾ ಇದ್ರೂ ಬಾಗಲಾ ತಗದು ಕುಂದ್ರಿಸೇ ಮಷಿನ್‌ಗೆ ಹಚ್ಚೇನಿ."

"ಪಟ್ಟಿಯೊಳಗ..." ಎಂದೆ. ಯಾಕೆ ಹಾಗೆಂದೆನೋ ಇಂದಿಗೂ ತಿಳಿಯದು.

"ಪಟ್ಟಿ ಆಮ್ಯಾಲ ನೋಡೂಣಂತ್ರಿ," ಎಂದು ಅವನು ಫೋನಿಟ್ಟ.

ಬಸ್ಸು ಹಿಡಿದು ಹಾನಗಲ್ಲು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಡಾಕ್ಟರು ಬಂದಿದ್ದರು. ನಾಲ್ಕನೆಯ ಮಷಿನ್ ಪಕ್ಕದಲ್ಲಿ ಐವತ್ತು ಮುಟ್ಟಿದ ಒಬ್ಬ ಹೆಂಗಸು ಮೂರು ದಿಂಬಿಗೆ ಒರಗಿ ಕೂತಿದ್ದರು. ಮುಖ ಬಾತು ಕಣ್ಣು ಸಣ್ಣಗಾಗಿದ್ದವು, ಮೂಗಿಗೆ ಆಕ್ಸಿಜನ್ ಹಾಕಿದ್ದರು. ಒಂದು ಉಸಿರು ಮುಗಿಯುವ ಮೊದಲೇ ಇನ್ನೊಂದಕ್ಕೆ ಬಾಯಿ ತೆರೆಯುತ್ತಿದ್ದರು. ತಂಗಿ ಕಾಲ ಬಳಿ ನಿಂತು ಸೆರಗಿನಿಂದ ಬೆವರು ಒರೆಸುತ್ತಿದ್ದಳು. ನನ್ನನ್ನು ನರ್ಸ್ ಎಂದುಕೊಂಡು, "ನರ್ಸಬಾಯಾರ, ಉಳೀತಾಳೇನ್ರಿ ನಮ್ಮಕ್ಕ?" ಎಂದು ಕೇಳಿದಳು. ನಾನು ಹೊರಗೆ ಹೋಗಿ ನಿಂತೆ.

ನಡೆದದ್ದನ್ನು ತಂಗಿಯ ಬಾಯಿಂದ ತುಣುಕು ತುಣುಕಾಗಿ ಕೇಳಿದೆ. ಮಂಗಳವಾರ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ, ರೊಟ್ಟಿ ಕಟ್ಟಿಕೊಂಡು, ಗುಡಿಯ ಕಟ್ಟೆಯ ಮೇಲೆ ಕೂತು ವ್ಯಾನಿಗೆ ಕಾದಿದ್ದರು. ಬಿಸಿಲೇರುವ ತನಕ ಕಾದು ಮನೆಗೆ ಬಂದರು. ಶುಕ್ರವಾರ ಮತ್ತೆ ಹೋಗಿ ಕೂತರು. ಆ ಹೊತ್ತಿಗೆ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲವಂತೆ, ಬರಿಗಾಲಲ್ಲಿ ಹೋಗಿದ್ದರು. ಫೋನ್ ಮಾಡೋಣ ಎಂದು ತಂಗಿ ಹೇಳಿದರೆ, ಬೇಡವೆಂದು ಕೇಂದ್ರದ ನಂಬರಿದ್ದ ಕಾರ್ಡನ್ನೇ ಬಚ್ಚಿಟ್ಟಿದ್ದರು.

ಡ್ರೈವರೂ ಬಂದರು. ಮಂಗಳವಾರ ಪಟ್ಟಿಯಲ್ಲಿ ಅಬಲೂರು ಇರಲಿಲ್ಲ, ಹಾಗಾಗಿ ಊರೊಳಗೆ ತಿರುಗಲಿಲ್ಲ. ಮೂರು ಸಲ ಬಂದು ಹೋದ ಹೊಸಬರು. ಹೆಸರು ಹೋಗಿದೆ ಎಂದಾಗ ಅವರು ಏನೆಂದುಕೊಂಡರೋ ಅದನ್ನೇ ವ್ಯಾನಿನಲ್ಲಿದ್ದ ಎಲ್ಲರೂ ಅಂದುಕೊಂಡಿದ್ದರು. ಯಾರೂ ಕೇಳಲಿಲ್ಲ. ಟೆಕ್ನೀಷಿಯನ್ ಕೂಡ ಹಾಗೇ ಅಂದುಕೊಂಡಿದ್ದ. ನಾಲ್ಕನೆಯ ಮಷಿನ್ ಆ ಎರಡು ದಿನ ಬಿಡುವಿದ್ದದ್ದರಿಂದ ಅದರ ಒಳಗನ್ನು ತೊಳೆಯುವ ಕೆಲಸ ಮುಗಿಸಿಕೊಂಡಿದ್ದ.

"ಬರೋಬ್ಬರಿ ಐತಿ ಅಂದಿದ್ರಿ ನೀವು," ಎಂದರು ಡ್ರೈವರ್. ಅಷ್ಟೇ ಅಂದದ್ದು. ಆಮೇಲೆ ಟಾಟಾ ಏಸ್‌ನವನಿಗೆ ಚಹಾ ಕೊಡಿಸಲು ಹೋದರು.

ನಾಲ್ಕು ಗಂಟೆಯ ಹೊತ್ತಿಗೆ ಅಬಲೂರಿನ ಅಕ್ಕನ ಉಸಿರು ಹತೋಟಿಗೆ ಬಂತು. ಬದುಕಿದರು. ಆದರೆ ಹೃದಯ ದಣಿದಿದೆ, ಮೊದಲಿನ ಹಾಗಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಆ ಎರಡು ಪಾಳಿ ತಪ್ಪದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಅಲ್ಲಿಯೇ ಡಾಕ್ಟರ ಕೋಣೆಯಲ್ಲಿ ಎಲ್ಲ ಹೇಳಿದೆ. ಪಾಸ್‌ವರ್ಡ್, ಇಪ್ಪತ್ತು ಬೈಟ್, ಮದುವೆಯ ಬ್ಯಾಂಡಿನ ನಡುವೆ ಕೇಳಿದ ಅರ್ಧ ಪ್ರಶ್ನೆ, ಸೋಮವಾರ ಡ್ರೈವರಿಗೆ ಹೇಳಿದ ಸುಳ್ಳು. ಅಷ್ಟರಲ್ಲಿ ಬಂದಿದ್ದ ಮ್ಯಾನೇಜರ್ ನಡುವೆ ಬಾಯಿ ಹಾಕಿದರು. "ಅದನ್ನೆಲ್ಲಾ ಅಬಲೂರಿನವ್ರ ಮುಂದ ಹೇಳೂದು ಬ್ಯಾಡ್ರಿ. ಸರ್ವರ್ ಕೆಟ್ಟಿತ್ತು ಅಂದ್ರ ಮುಗೀತು. ಮಷಿನ್ ಕೆಡ್ತಾವ, ಮಂದಿ ತಿಳಕೊಂತಾರ."

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಅವರು ಏನಾದರೂ ಅನ್ನುವ ಮೊದಲೇ ಹೇಳಿದೆ, "ಸರ, ಇದು ನನ್ನ ಕೈಯಾಗ ಇರೂದು ಬ್ಯಾಡ್ರಿ."

ಅದನ್ನು ಹೇಳುವುದು ಎಷ್ಟು ಕಷ್ಟವಾಯಿತೆಂದರೆ, ಅಷ್ಟಾದ ಮೇಲೂ ನನ್ನೊಳಗೆ ಒಬ್ಬಳು, ಹೊಸ ಸ್ಕ್ರಿಪ್ಟ್ ಬರೆದಿದ್ದೇನಲ್ಲ, ಇನ್ನು ಮೇಲೆ ಹೀಗಾಗುವುದಿಲ್ಲವಲ್ಲ ಎಂದು ಗೊಣಗುತ್ತಿದ್ದಳು. ಅವಳ ಮಾತು ನಿಜವೂ ಆಗಿತ್ತು. ಆದರೆ ನನಗೆ ಜ್ವರ ಬರಬಹುದೆಂದು ಡಾಕ್ಟರು ಹೆದರಿದ್ದರು. ನನಗೆ ನಾಚಿಕೆ ಬರಬಹುದೆಂದು ಯಾರೂ ಹೆದರಿರಲಿಲ್ಲ.

ಕಂಪನಿಯೇ ನೋಡಿಕೊಳ್ಳುವ ಡೇಟಾಬೇಸಿಗೆ ಪಟ್ಟಿಯನ್ನು ಸಾಗಿಸಲು ಎರಡು ವಾರ ಹಿಡಿಯಿತು. ಕೆಲಸವೇನೂ ಕಷ್ಟದ್ದಲ್ಲ. ಹೆಸರುಗಳನ್ನು ತಾಳೆ ನೋಡುವುದಕ್ಕೇ ಹೆಚ್ಚು ದಿನ ಬೇಕಾಯಿತು. ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿ, ಟೆಕ್ನೀಷಿಯನ್ ಮತ್ತು ನಾನು ಒಬ್ಬೊಬ್ಬ ರೋಗಿಗೂ ಫೋನ್ ಮಾಡಿ, ದಿನ, ಪಾಳಿ, ವ್ಯಾನ್ ನಿಲ್ಲುವ ಜಾಗ ಕೇಳಿ ಗುರುತು ಹಾಕಿದೆವು. ಹಳೆಯ ಸರ್ವರಿನ ಲಾಗ್‌ಗಳನ್ನೂ ಆಗಲೇ ತೆರೆದು ಓದಿದೆ. ಪಾಸ್‌ವರ್ಡ್ ಬದಲಿಸಿದ ಮರುದಿನ, ಗುರುವಾರ ಮಧ್ಯಾಹ್ನ ಹೊಸ ರೋಗಿಯ ಅರ್ಜಿ ಸೇರಿಸಿದ ಒಂದು ಸಾಲು ಅದರಲ್ಲಿತ್ತು. ಹೆಸರು ಇರಲಿಲ್ಲ, ಸೇರಿಸಿದ ಗುರುತು ಮಾತ್ರ. ಡೇಟಾಬೇಸ್ ಕೆಟ್ಟ ಭಾನುವಾರವೇ ಐದು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತು. ಡಿಸ್ಕಿನಲ್ಲಿ ಜಾಗ ಮಾಡಲು ನಾನು ಅಳಿಸಿದ್ದು ಅದಕ್ಕಿಂತ ಹಳೆಯ ಲಾಗ್‌ಗಳನ್ನು, ಇದು ಉಳಿದಿತ್ತು.

ಹೊಸ ಜಾಗದಲ್ಲಿ ಒಂದು ಪರೀಕ್ಷೆ ಮಾಡಿದೆವು. ಟೆಕ್ನೀಷಿಯನ್ ಒಂದು ಸುಳ್ಳು ಹೆಸರು ಸೇರಿಸಿದ, ನಾನು ಬೇಕೆಂದೇ ಇಡೀ ಪಟ್ಟಿಯನ್ನು ಅಳಿಸಿದೆ, ಆಮೇಲೆ ಹತ್ತು ನಿಮಿಷದ ಹಿಂದಿನ ಸ್ಥಿತಿಗೆ ತಿರುಗಿಸಿದೆವು. ಸುಳ್ಳು ಹೆಸರು ಸಮೇತ ಎಲ್ಲ ಬಂತು. ಅವನು ಏನೂ ತಮಾಷೆ ಮಾಡಲಿಲ್ಲ. ಮಾಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಇನ್ನೊಂದು ಬದಲಾವಣೆಯನ್ನು ಪ್ರೋಗ್ರಾಮಿನಲ್ಲೇ ಮಾಡಿದೆ. ಅದು ಯಾವ ಕಂಪನಿಯ ಸೇವೆಯಲ್ಲೂ ಸಿಗುವಂಥದ್ದಲ್ಲ. ಒಂದು ಹೆಸರು ಪಟ್ಟಿಯಿಂದ ಹೋದರೆ ಅದು ಮಾಯವಾಗುವುದಿಲ್ಲ. ಒಂದು ತಿಂಗಳು ಕೆಳಗೆ, ಕಾರಣದ ಜೊತೆ ಉಳಿಯುತ್ತದೆ. ಕಾರಣ ಬರೆಯದೆ ಮರುದಿನದ ಪಟ್ಟಿ ಅಚ್ಚಾಗುವುದಿಲ್ಲ. ಹಿಂದಿನ ವಾರ ಬಂದವರು ಈ ವಾರ ಪಟ್ಟಿಯಲ್ಲಿ ಇಲ್ಲದಿದ್ದರೆ ಡ್ರೈವರ್ ಕೇಳಲೇಬೇಕು. ಡ್ರೈವರ್ ಇದಕ್ಕೆ ಒಪ್ಪಲು ಒಂದು ದಿನ ತೆಗೆದುಕೊಂಡರು.

"ಕೇಳೂದು ಬಾಳ ಕೆಟ್ಟ ಕೆಲಸರಿ ಇದು," ಎಂದರು. "ಆದ್ರೂ ಕೇಳ್ತೇನಿ."

ಅಬಲೂರಿಗೆ ಹೋಗುವುದನ್ನು ಮಾತ್ರ ದಿನ ದಿನಕ್ಕೂ ಮುಂದೆ ಹಾಕುತ್ತಿದ್ದೆ. ಸಾಗಾಟ ಮುಗಿಯಲಿ ಎಂದುಕೊಂಡೆ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಎಲ್ಲ ಮುಗಿದು, ಮುಂದೆ ಹಾಕಲು ಏನೂ ಉಳಿಯದಿದ್ದಾಗ ಒಂದು ಭಾನುವಾರ ಹೊರಟೆ. ಮ್ಯಾನೇಜರ್ ಹೇಳಿಕೊಟ್ಟ ವಾಕ್ಯ ಬಾಯಲ್ಲೇ ಇತ್ತು. ಹಿರೇಕೆರೂರಿನಲ್ಲಿ ಬಸ್ಸು ಬದಲಿಸುವಾಗಲೂ ಅದನ್ನೇ ಅನ್ನಲೇ ಎಂದು ಯೋಚಿಸಿದೆ.

ಎರಡು ಕೋಣೆಯ ಮನೆ. ಅಂಗಳದಲ್ಲಿ ಗೋವಿನಜೋಳದ ತೆನೆ ಒಣಹಾಕಿದ್ದರು. ಅವರು ಪಡಸಾಲೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ, ಈಗ ನಿದ್ದೆಯೂ ಹೀಗೆ ಕೂತೇ ಎಂದು ತಂಗಿ ಹೇಳಿದಳು. ನನಗೆ ಚಹಾ ತಂದುಕೊಟ್ಟಳು. ಅಕ್ಕನಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇತ್ತು, ಅವರು ನನ್ನ ಕಪ್ಪನ್ನೇ ನೋಡುತ್ತಿದ್ದರು. ನಾನು ಅದನ್ನು ಪಕ್ಕಕ್ಕಿಟ್ಟೆ.

"ಕುಡೀರಿ, ಆರ್ತೈತಿ," ಎಂದರು. "ನೀವ ಏನ್ರಿ ಪಟ್ಟಿ ಮಾಡೋರು?"

"ಹೌದ್ರಿ ಅಕ್ಕಾರ, ನಾನ."

"ನನ್ನ ಹೆಸರು ನೀವ ತಗದ್ರೇನ್ರಿ?"

"ತಗೀಲಿಲ್ರಿ. ಕಳದೆ. ಮಷಿನ್ ಕೆಟ್ಟಿದ್ದಲ್ಲ, ನಾ ಮಾಡಿದ ತಪ್ಪು. ಹೆಸರು ಕಳದಿರಬಹುದು ಅಂತ ಗೊತ್ತಿದ್ರೂ ಯಾರನ್ನೂ ಕೇಳಲಿಲ್ಲ, ನಾಚಿಕಿ ಬಂತು ಅಂತ."

ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದು ಆಸೆಯೂ ಇತ್ತು. ತಂಗಿ ಬಾಗಿಲಲ್ಲೇ ನಿಂತಿದ್ದಳು. ಅವರು ತೆನೆಗಳ ಕಡೆ ತಿರುಗಿದರು.

"ಫೋನರ ಮಾಡಬೇಕಿತ್ರಿ ಅಕ್ಕಾರ," ಎಂದೆ. ಅನ್ನಬಾರದಿತ್ತು.

"ಪುಕ್ಕಟ ಮಾಡೋರ ಕಡೆ, ನನ್ನ ಪಾಳಿ ಯಾಕ ಬರ್ಲಿಲ್ಲ ಅಂತ ಜಬರದಸ್ತಿ ಮಾಡಾಕ ಯಾವ ಮುಖರಿ ನಮಗ?" ಎಂದರು. ಮಾತಿನ ನಡುವೆ ಉಸಿರಿಗಾಗಿ ನಿಂತು ನಿಂತು ಹೇಳುತ್ತಿದ್ದರು. "ಯಾರೋ ಸಣ್ಣ ವಯಸ್ಸಿನವ್ರು ಬಂದಿರಬೇಕು ಅಂದ್ಕೊಂಡೆ. ಮಕ್ಕಳು ಮರಿ ಇದ್ದವ್ರು. ನನ್ನ ಪಾಳಿ ಅವ್ರಿಗೆ ಕೊಟ್ಟಾರ, ಅವ್ರರ ಬದಕಲಿ ಅಂತ ಸುಮ್ನ ಕುಂತೆ. ಶುಕ್ರವಾರ ಗುಡಿಗೆ ಕೈ ಮುಗುದು ಅವ್ರ ಸಲುವಾಗಿ ಬೇಡ್ಕೊಂಡು ಬಂದೆನ್ರಿ."

ಅವರು ಸ್ವಲ್ಪ ಮುಂದೆ ಬಗ್ಗಿದರು.

"ಯಾರಿಗೆ ಕೊಟ್ಟಿದ್ರಿ? ಗಂಡಸರಿಗೋ, ಹೆಣ್ಮಕ್ಕಳಿಗೋ?"

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಶಿಗ್ಗಾಂವಿಯ ಒಬ್ಬ ಸಣ್ಣ ವಯಸ್ಸಿನ ತಾಯಿ ಎಂದರೆ ನಂಬುತ್ತಿದ್ದರು, ಸಂತೋಷವನ್ನೂ ಪಡುತ್ತಿದ್ದರೋ ಏನೋ. ಸುಳ್ಳು ಹೇಳುವುದು ನನಗೆ ಬರುವುದಿಲ್ಲವೆಂದೂ ಅಲ್ಲ.

"ಯಾರಿಗೂ ಕೊಟ್ಟಿದ್ದಿಲ್ರಿ," ಎಂದೆ. "ಎರಡೂ ದಿನ ನಿಮ್ಮ ಮಷಿನ್ ಖಾಲಿ ಇತ್ತು."

ಅವರು ಮತ್ತೆ ಚೀಲಕ್ಕೆ ಒರಗಿ, ನನ್ನ ಕಡೆ ನೋಡದೆ, ಬಾಗಿಲಲ್ಲಿದ್ದ ತಂಗಿಗೆ ಹೇಳಿದರು:

"ಖಾಲಿ ಇತ್ತಂತ."